ಏಳು ಹಂತದ ಸಂಪ್ ಕ್ಲೀನಿಂಗ್: ಯಾವ ಹಂತಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಶಿವರಾತ್ರಿ ಮುಗಿದು ಯುಗಾದಿ ಹತ್ತಿರವಾಗುವ ಹೊತ್ತಿಗೆ ಬೆಂಗಳೂರಿನ ಮನೆಗಳ ಗೇಟಿಗೆ ಪಾಂಪ್ಲೆಟ್ಟುಗಳು ಬಂದು ಸಿಕ್ಕಿಕೊಳ್ಳುತ್ತವೆ: ‘ಯಂತ್ರದಿಂದ ಸಂಪ್ ಮತ್ತು ಟ್ಯಾಂಕ್ ಕ್ಲೀನಿಂಗ್, ಏಳು ಹಂತ, ನೂರಕ್ಕೆ ನೂರು ಬ್ಯಾಕ್ಟೀರಿಯಾ ಮುಕ್ತ’. ಮೊಬೈಲಿನಲ್ಲಿ ಬುಕ್ ಮಾಡಿದರೂ ಅದೇ ಪಟ್ಟಿ. ನೀರು ಹೊರಹಾಕುವುದು, ಹೂಳು ತೆಗೆಯುವುದು, ಪ್ರೆಷರ್ ಜೆಟ್, ವ್ಯಾಕ್ಯೂಮ್, ಆ್ಯಂಟಿಬ್ಯಾಕ್ಟೀರಿಯಲ್ ಸ್ಪ್ರೇ, ಯುವಿ (ಅತಿನೇರಳೆ) ದೀಪ, ಕೊನೆಗೊಂದು ಕ್ಲೋರಿನ್ ಮಾತ್ರೆ. ಕೆಲವರು ಆರಕ್ಕೆ ನಿಲ್ಲಿಸುತ್ತಾರೆ, ಕೆಲವರು ಎಂಟಕ್ಕೆ ಎಳೆಯುತ್ತಾರೆ, ಸರಕು ಮಾತ್ರ ಒಂದೇ. ಅದಕ್ಕೇ ಇಲ್ಲಿ ಯಾವುದೋ ಒಂದು ಕಂಪನಿಯನ್ನಲ್ಲ, ಆ ಪ್ಯಾಕೇಜನ್ನೇ ಬಿಚ್ಚಿ ನೋಡುತ್ತಿದ್ದೇವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಏಳರಲ್ಲಿ ಕಾಸಿಗೆ ತಕ್ಕ ಕೆಲಸ ಮೂರು: ಹೂಳು ತೆಗೆದು ಗೋಡೆ ಉಜ್ಜುವುದು, ತಳದಲ್ಲಿ ಉಳಿದ ಕೊನೆಯ ಕೆಸರನ್ನು ವ್ಯಾಕ್ಯೂಮ್‌ನಿಂದ ಎಳೆಯುವುದು, ಅಳತೆ ಮಾಡಿ ಕ್ಲೋರಿನ್ ಹಾಕುವುದು. ಜೆಟ್ ಹಿಡಿಯುವವನ ಕೈ ಚೆನ್ನಾಗಿದ್ದರೆ ಅದೂ ಸರಿ. ಯುವಿ ತೋರಿಕೆ. ಇನ್ನು ಮುಚ್ಚಳ, ಬಾಲ್ ಕಾಕ್, ಓವರ್‌ಫ್ಲೋ ಜಾಲರಿ, ಗೋಡೆಯ ಬಿರುಕು ಇವೆಲ್ಲ ತೊಳೆದ ನೀರು ಮತ್ತೆ ಕೆಡದಂತೆ ಕಾಯುವ ಸಂಗತಿಗಳು. ಪಾಂಪ್ಲೆಟ್ಟಿನಲ್ಲಿ ಅವುಗಳ ಹೆಸರೇ ಇರುವುದಿಲ್ಲ. ನಾವಾಗಿಯೇ ಕೇಳಿ ಮಾಡಿಸಿಕೊಳ್ಳಬೇಕು.

ಬುಕ್ ಮಾಡುವ ಹೊತ್ತು

ಫೆಬ್ರವರಿ ಕೊನೆಯಿಂದ ಮಾರ್ಚ್ ಮಧ್ಯದೊಳಗೆ ಮುಗಿಸಿಕೊಳ್ಳಿ. ಏಪ್ರಿಲ್‌ನಲ್ಲಿ ನೀರು ಬರುವ ದಿನಗಳ ನಡುವಿನ ಅಂತರ ಹೆಚ್ಚಾಗುತ್ತದೆ, ಟ್ಯಾಂಕರ್‌ಗೆ ಕಾಯಬೇಕಾಗುತ್ತದೆ. ಆಗ ಸಂಪು ಖಾಲಿ ಮಾಡುವ ಧೈರ್ಯ ಯಾರಿಗೂ ಇರುವುದಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಗಿಡಕ್ಕೆ ಹಾಕಿದರೆ 5000 ರೂಪಾಯಿ ದಂಡ ಎಂದದ್ದು ನೆನಪಿರಬಹುದು. ಅಂಥ ದಿನಗಳಲ್ಲಿ ಅರ್ಧ ಸಂಪು ನೀರನ್ನು ಮೋರಿಗೆ ಬಿಡುವುದು ಹೊಟ್ಟೆ ಉರಿಯುವ ಕೆಲಸ.

ಹಾಗೆ ಬಿಡಬೇಕಾದ ಅಗತ್ಯವೂ ಇಲ್ಲ. ಕ್ಲೀನಿಂಗ್‌ಗೆ ಎರಡು ದಿನ ಮೊದಲೇ ಸಂಪಿಗೆ ನೀರು ಬರುವ ವಾಲ್ವ್ ತಿರುಗಿಸಿ ನಿಲ್ಲಿಸಿ, ಇರುವ ನೀರನ್ನು ಬಳಸಿ ಇಳಿಸಿ. ಎಂಟಡಿ-ಆರಡಿ ತಳದ ಸಂಪಿನಲ್ಲಿ ಕೊನೆಯ ಆರಿಂಚು ನೀರೆಂದರೆ 680 ಲೀಟರ್ ಆಸುಪಾಸು. ಮೇಲಿನ ನಾಲ್ಕಿಂಚು ಇನ್ನೂ ತಿಳಿಯಾಗಿರುತ್ತದೆ. ಹೂಳು ಕದಡುವ ಮೊದಲು ಅದನ್ನು ಡ್ರಮ್ಮಿಗೆ ಎತ್ತಿಟ್ಟುಕೊಂಡರೆ ತೊಳೆಯುವುದಕ್ಕೆ ಅದೇ ಸಾಕು. ‘ನೀರು ಹೊರಹಾಕುವುದು’ ಎಂಬ ಮೊದಲ ಹಂತ ಹೀಗೆ ನಿಮ್ಮ ಕೈಯಲ್ಲೇ ಮುಗಿದುಹೋಗುತ್ತದೆ. ಬಂದವರು ಮೊದಲು ಪಂಪು ಇಳಿಸಿ, ನೀರಿನ ಮಟ್ಟ ಎಷ್ಟಿದೆಯೆಂದು ನೋಡದೆ ರಸ್ತೆಗೆ ಪೈಪು ಎಳೆದರೆ ಅಲ್ಲೇ ತಡೆಯಿರಿ.

ದರ ಹೇಳುವುದು ಲೀಟರ್ ಲೆಕ್ಕದಲ್ಲಿ, ಹೂಳಿನ ಲೆಕ್ಕದಲ್ಲಲ್ಲ. ಅದಕ್ಕೇ ಸಂಪಿನ ಅಳತೆ ನಿಮಗೆ ಗೊತ್ತಿರಬೇಕು. ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್. ಆಳ ಅಂದರೆ ಮುಚ್ಚಳದಿಂದ ತಳದವರೆಗಲ್ಲ. ನೀರು ಏರಿ ನಿಲ್ಲುವ ಗುರುತಿನಿಂದ ತಳದವರೆಗೆ. 8x6x6 ಅಡಿಯ ಸಂಪನ್ನು ಗುಣಿಸಿದರೆ 8150 ಲೀಟರ್ ಬರುತ್ತದೆ, ಆದರೆ ನೀರು ಐದಡಿಗೆ ನಿಂತರೆ ಅಸಲಿ ಲೆಕ್ಕ 6800. ಕಟ್ಟಿಸುವಾಗ ಮೇಸ್ತ್ರಿ ‘ಹತ್ತು ಸಾವಿರದ ಸಂಪು’ ಎಂದಿದ್ದರೆ ಅದೇ ಸಂಖ್ಯೆ ಬಿಲ್ಲಿನಲ್ಲೂ ಮುಂದುವರಿಯುತ್ತದೆ. ಕ್ಲೋರಿನ್ ಅಳತೆಗೂ ಇದೇ 6800 ಬೇಕು.

ಹೂಳು ಮತ್ತು ಗೋಡೆ

ಹೂಳಿನ ಬಣ್ಣ ನೋಡಿದರೆ ನೀರಿನ ಮೂಲ ಗೊತ್ತಾಗುತ್ತದೆ. ಬೋರ್ ನೀರಾದರೆ ಸಣ್ಣ ಮರಳು, ಕಬ್ಬಿಣದಂಶವಿದ್ದರೆ ಕೆಂಪು-ಕಂದು ಜಿಗುಟು. ಟ್ಯಾಂಕರ್ ನೀರಾದರೆ ನುಣುಪು ಮಣ್ಣು. ಕಾವೇರಿ ನೀರಿನಲ್ಲಿ ಹೂಳು ಕಡಿಮೆಯಾದರೂ ಇಲ್ಲವೇ ಇಲ್ಲ ಅನ್ನುವಂತಿಲ್ಲ. ದಿನ ಬಿಟ್ಟು ದಿನ ನೀರು ಬಿಡುವ ಕಡೆ, ಪೈಪು ಖಾಲಿಯಾದಾಗ ಒಳಗಿನ ಒತ್ತಡ ಇಳಿದು, ಸೋರುವ ಜಾಯಿಂಟುಗಳಿಂದ ಸುತ್ತಲಿನ ಕೊಳೆ ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಬಿಟ್ಟ ಮೊದಲ ಕೆಲವು ನಿಮಿಷ ಮಣ್ಣು ಬಣ್ಣ ಬರುವುದು ಅದಕ್ಕೇ. ಸಂಪಿಗೆ ಹೋಗುವ ಮುಂಚೆ ಒಂದು ನಲ್ಲಿ ಕೊಟ್ಟು ಆ ಮೊದಲ ನೀರನ್ನು ಬಕೆಟ್ಟಿಗೆ ಹಿಡಿದು ಗಿಡಕ್ಕೋ ಕಕ್ಕಸಿಗೋ ಹಾಕುವ ಮನೆಗಳಲ್ಲಿ ವರ್ಷದ ಹೂಳು ಕಾಣುವಷ್ಟು ಕಡಿಮೆ.

ಗೋಡೆ ಉಜ್ಜುವುದು ಬೇಸರದ ಕೆಲಸ, ಆದ್ದರಿಂದಲೇ ಮೊದಲು ತಪ್ಪಿಸುವುದೂ ಅದನ್ನೇ. ಆದರೆ ಪ್ಯಾಕೇಜಿನ ಜೀವ ಇರುವುದು ಇಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ, ಒದ್ದೆ ಗೋಡೆಯ ಮೇಲೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಸಾಯದೆ ಅಂಟಿಕೊಂಡಿರುತ್ತದೆ. ನೀರು ಏರಿ ತಾಗಿದ ಕೂಡಲೇ ಮರಿಯಾಗುತ್ತದೆ. ಬೇಸಿಗೆಯ ಬಿಸಿಗೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಅಂದರೆ ನೀರು ಖಾಲಿ ಮಾಡಿ ತಳವನ್ನಷ್ಟೇ ತೊಳೆದು ಹೋದರೆ ಸೊಳ್ಳೆಯ ಮಟ್ಟಿಗೆ ಏನೂ ಮಾಡಿದಂತಾಗಲಿಲ್ಲ. ನೀರಿನ ಗುರುತಿನ ಆಚೀಚೆ ಒಂದಡಿ ಪಟ್ಟಿಯನ್ನು ಗಟ್ಟಿ ನೈಲಾನ್ ಬ್ರಷ್‌ನಿಂದ ಸುತ್ತಲೂ ಉಜ್ಜಿಸಿ. ಮುಚ್ಚಳದ ಕೆಳಮೈ, ಪೈಪು ಗೋಡೆ ಹೊಕ್ಕುವ ಸಂದು, ಏಣಿಯ ಕಬ್ಬಿಣದ ಮೆಟ್ಟಿಲುಗಳ ಹಿಂಭಾಗ ಇವನ್ನೂ ಬಿಡಬಾರದು. ಲೋಹದ ಬ್ರಷ್ ಬೇಡ: ಗಾರೆ ಕೆರೆದುಬಿಡುತ್ತದೆ, ಕಿತ್ತ ತಂತಿ ಉಳಿದು ತುಕ್ಕು ಹಿಡಿಯುತ್ತದೆ.

ಬೋರ್ ನೀರಿನ ಮನೆಗಳಲ್ಲಿ ಗೋಡೆಗೆ ಬಿಳಿ ಉಪ್ಪಿನ ಪೊರೆ ಕಟ್ಟಿರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ವಿಷವೇನಲ್ಲ, ಆದರೆ ಅದರ ಒರಟು ಮೈಯಲ್ಲಿ ಲೋಳೆ ಅಡಗಿ ಕೂರುತ್ತದೆ. ಕ್ಲೋರಿನ್ ಈ ಪೊರೆಯನ್ನು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಾದರೆ ಲೀಟರ್ ಬೆಚ್ಚಗಿನ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಬಳಿದು, ಇಪ್ಪತ್ತು ನಿಮಿಷ ಬಿಟ್ಟು ಉಜ್ಜಿದರೆ ಬಿಡುತ್ತದೆ. ಸಿಮೆಂಟ್ ಸಂಪಿಗೆ ಯಾವ ಆಸಿಡ್ಡೂ ಬೇಡ. ‘ಸ್ವಲ್ಪ ಆಸಿಡ್ ಹೊಡೆದರೆ ಹೊಸದರ ಹಾಗೆ ಬೆಳ್ಳಗಾಗುತ್ತೆ ಸಾರ್’ ಅನ್ನುವವರು ಇದ್ದಾರೆ. ಬೆಳ್ಳಗಾಗುವುದು ನಿಜ, ಪ್ಲಾಸ್ಟರಿನ ಮೇಲ್ಪದರ ತಿಂದುಹೋಗಿ ಮರಳು ಎದ್ದು ಕಾಣುವುದೂ ನಿಜ. ಮುಂದಿನ ವರ್ಷದಿಂದ ಆ ಮರಳೇ ಹೂಳು.

ಅದಕ್ಕಿಂತ ದೊಡ್ಡ ಅಪಾಯ ಒಂದಿದೆ. ಆಸಿಡ್ ಬಿದ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಭಾರ. ಸಂಪಿನ ತಳದಲ್ಲಿ, ಕೆಲಸದವನು ನಿಂತಿರುವಲ್ಲೇ ಮಡುಗಟ್ಟುತ್ತದೆ. ಈ ಎರಡು ಡಬ್ಬಿಗಳು ಒಂದೇ ದಿನ ಒಂದೇ ಸಂಪಿನ ಬಳಿ ಕಂಡರೆ ಕೆಲಸ ನಿಲ್ಲಿಸುವುದೇ ಸರಿ. ಪ್ಲಾಸ್ಟಿಕ್ ಟ್ಯಾಂಕಿಗೆ ನಿಂಬೆ ಉಪ್ಪು ಬಳಸಿದ ಮೇಲೂ ಪೂರ್ತಿ ತೊಳೆದು, ನೀರು ಹೊರಹಾಕಿ, ಆಮೇಲಷ್ಟೇ ಕ್ಲೋರಿನ್.

ಜೆಟ್ ವಿಚಾರ ಚಿಕ್ಕದು. ಮನೆ ಬಳಕೆಯ ಯಂತ್ರಗಳು 100ರಿಂದ 130 ಬಾರ್ ಒತ್ತಡದಲ್ಲಿ ನಿಮಿಷಕ್ಕೆ ಆರೇಳು ಲೀಟರ್ ನೀರು ಹೊಡೆಯುತ್ತವೆ. ಅರ್ಧ ಗಂಟೆಗೆ ಇನ್ನೂರು ಲೀಟರ್. ಬೀಸಣಿಗೆಯಂತೆ ಹರಡುವ ನಾಜಲ್ ಹಾಕಿ, ಗೋಡೆಯಿಂದ ಒಂದಡಿ ದೂರ ಹಿಡಿದರೆ ಒಳ್ಳೆಯ ಕೆಲಸ. ಸೂಜಿಯಂತೆ ಚಿಮ್ಮುವ ನಾಜಲ್ ಹಳೆಯ ಗಾರೆಯಲ್ಲಿ ತೂತು ಕೊರೆಯುತ್ತದೆ. ಹದಿನೈದು-ಇಪ್ಪತ್ತು ವರ್ಷದ ಸಂಪಿಗೆ ಬ್ರಷ್ಷೇ ಸಾಕು. ಜೆಟ್ ಪೈಪನ್ನೂ ಕೆಸರು ಪಂಪನ್ನೂ ಬೇರೆ ಯಾವ ಕೆಲಸಕ್ಕೆ ಬಳಸುತ್ತೀರಿ ಎಂದು ಸಂಕೋಚವಿಲ್ಲದೆ ಕೇಳಿ. ಡ್ರೈನೇಜ್ ಬಿಡಿಸುವವರೂ ಟ್ಯಾಂಕ್ ತೊಳೆಯುವವರೂ ಒಬ್ಬರೇ ಆಗಿರುವುದು ಅಪರೂಪವಲ್ಲ. ಪೈಪು ಬೇರೆ ಬೇರೆ ಇರಲೇಬೇಕು.

ವ್ಯಾಕ್ಯೂಮ್‌ಗೆ ಮಾತ್ರ ಪೂರ್ಣ ಅಂಕ. ಕೆಸರು ಪಂಪು ಎಷ್ಟೇ ಒಳ್ಳೆಯದಿರಲಿ, ಕೊನೆಯ ಅರ್ಧ ಇಂಚು ಎಳೆಯುವುದಿಲ್ಲ. ಬಟ್ಟೆಯಿಂದ ಒರೆಸಿದರೆ ಆ ಕೆಸರು ತಳದುದ್ದಕ್ಕೂ ಬಳಿದುಕೊಳ್ಳುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ನೀರನ್ನೂ ಎಳೆಯಬಲ್ಲ ವ್ಯಾಕ್ಯೂಮ್ ಯಂತ್ರ ಮೂಲೆಗಳನ್ನು ಒಣಗಿಸಿಬಿಡುತ್ತದೆ. ಬಕೆಟ್-ಪೊರಕೆ ತಂಡಕ್ಕೂ ಯಂತ್ರದ ತಂಡಕ್ಕೂ ನಿಜವಾದ ವ್ಯತ್ಯಾಸ ಇದೊಂದೇ.

ಒಳಗಿಳಿಯುವವರ ಜೀವ

ಸಂಪಿನ ಬಾಯಿ ಸಾಮಾನ್ಯವಾಗಿ ಎರಡಡಿ ಚೌಕ. ತಿಂಗಳುಗಟ್ಟಲೆ ಮುಚ್ಚಿಟ್ಟ ಜಾಗದಲ್ಲಿ ಆಮ್ಲಜನಕ ಕಡಿಮೆಯಿರಬಹುದು, ಕೊಳೆತ ಹೂಳಿನಿಂದ ಅನಿಲ ಎದ್ದಿರಬಹುದು. ಮುಚ್ಚಳ ತೆಗೆದು ಕನಿಷ್ಠ ಅರ್ಧ ಗಂಟೆ ಬಿಟ್ಟು, ಬ್ಲೋವರ್‌ನಿಂದ ತಳದವರೆಗೆ ಗಾಳಿ ಊದಿಸಿ, ಆಮೇಲೆ ಇಳಿಯಬೇಕು. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ವಿಷಾನಿಲ ಇದ್ದರೂ ದೀಪ ಉರಿಯಬಹುದು. ಮೇಲೊಬ್ಬ ಕಡ್ಡಾಯವಾಗಿ ಇರಬೇಕು, ಒಳಗಿನವನ ಸೊಂಟಕ್ಕೆ ಹಗ್ಗ ಇರಬೇಕು. ಒಳಗಿದ್ದವನು ತಲೆ ಸುತ್ತಿ ಬಿದ್ದರೆ ಮೇಲಿನವನು ತಾನೂ ಇಳಿಯಬಾರದು, ಹಗ್ಗದಿಂದಲೇ ಎಳೆಯಬೇಕು. ಇಂಥ ಅವಘಡಗಳಲ್ಲಿ ಎರಡನೆಯ ಸಾವು ಆಗುವುದು ಬಿಡಿಸಲು ಇಳಿದವನದು.

ಪೆಟ್ರೋಲ್ ಎಂಜಿನ್ ಪಂಪು, ಜನರೇಟರ್ ಸಂಪಿನ ಬಾಯಿಯ ಹತ್ತಿರ ಬೇಡ; ಹೊಗೆಯ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ. ಕರೆಂಟ್ ಪಂಪಾದರೆ, ಟೇಪು ಸುತ್ತಿದ ವೈರ್ ಜಾಯಿಂಟ್ ನೀರಿಗೆ ಬೀಳಬಾರದು. ಒಳಗೆ ಮನುಷ್ಯ ಇರುವಾಗ ಪಂಪು ಓಡಿಸಲೂ ಬಾರದು. ಮನೆಯ ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆಯೇ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದೆಯೇ ಎಂದು ಅದೇ ದಿನ ಬೆಳಿಗ್ಗೆ ನೋಡಿಕೊಳ್ಳಿ. ಬ್ಲೋವರ್ ಇಲ್ಲದೆ, ಹಗ್ಗ ಇಲ್ಲದೆ ಒಬ್ಬ ಹುಡುಗನನ್ನು ಕಳಿಸುವ ಸೇವೆಗೆ ನಮ್ಮ ಕಡೆಯಿಂದ ಸೊನ್ನೆ, ಉಳಿದದ್ದು ಎಷ್ಟೇ ಚೆನ್ನಾಗಿರಲಿ.

ಕ್ಲೋರಿನ್: ಎಲ್ಲರೂ ಹಾಕುತ್ತಾರೆ, ಅಳೆಯುವವರು ಕಡಿಮೆ

ಪ್ಯಾಕೇಜಿನ ‘ಆ್ಯಂಟಿಬ್ಯಾಕ್ಟೀರಿಯಲ್ ಸ್ಪ್ರೇ’ ಅನ್ನುವುದು ಬಹಳ ಕಡೆ ಇದೇ ಕ್ಲೋರಿನ್. ಡಬ್ಬಿಯ ಮೇಲೆ ಏನು ಬರೆದಿದೆ ಓದಿ. ಸೋಡಿಯಂ ಹೈಪೊಕ್ಲೋರೈಟ್ ಅಥವಾ ಬ್ಲೀಚಿಂಗ್ ಪೌಡರ್ ಆದರೆ ಸರಿ. ಸುವಾಸನೆಯ ಫ್ಲೋರ್ ಕ್ಲೀನರ್ ಕುಡಿಯುವ ನೀರಿನ ಟ್ಯಾಂಕಿಗೆ ಖಂಡಿತ ಬೇಡ. ಲೇಬಲ್ಲೇ ಇಲ್ಲದ ಬಾಟಲಿಯನ್ನು ವಾಪಸು ಕಳಿಸಿ.

ಸೋಂಕು ನಿವಾರಣೆಗೆ ಎರಡು ದಾರಿ. ಒಂದು, ಟ್ಯಾಂಕು ತುಂಬಾ ನೀರು ತುಂಬಿ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಹಾಕಿ 24 ಗಂಟೆ ಬಿಡುವುದು. 25 ಶೇಕಡಾ ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಆದರೆ ಸಾವಿರ ಲೀಟರಿಗೆ 200 ಗ್ರಾಂ. ನಮ್ಮ 6800 ಲೀಟರ್ ಸಂಪಿಗೆ ಒಂದು ಕಿಲೋ 360 ಗ್ರಾಂ. ಆಮೇಲೆ ಅಷ್ಟೂ ನೀರು ಚೆಲ್ಲಬೇಕು. ಬೇಸಿಗೆಯಲ್ಲಿ ಇದು ಸಾಧ್ಯವಾಗದ ಮಾತು.

ಎರಡನೆಯದು ಬೇಸಿಗೆಗೆ ಹೇಳಿ ಮಾಡಿಸಿದ್ದು: ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಇರುವ ದ್ರಾವಣವನ್ನು ಗೋಡೆ, ತಳ, ಮುಚ್ಚಳದ ಒಳಮೈಗೆ ಸಿಂಪಡಿಸಿ, ಅರ್ಧ ಗಂಟೆ ಒದ್ದೆಯಾಗಿಯೇ ಇರುವಂತೆ ನೋಡಿಕೊಂಡು, ಸ್ವಲ್ಪ ನೀರಿನಲ್ಲಿ ತೊಳೆದು ವ್ಯಾಕ್ಯೂಮ್ ಮಾಡುವುದು. 20 ಲೀಟರಿನ ಒಂದು ಬಕೆಟ್ಟಿಗೆ 25 ಶೇಕಡಾ ಬ್ಲೀಚಿಂಗ್ ಪೌಡರ್ 16 ಗ್ರಾಂ, ಅಥವಾ 5 ಶೇಕಡಾ ಹೈಪೊಕ್ಲೋರೈಟ್ 80 ಮಿಲಿ ಲೀಟರ್. 10 ಶೇಕಡಾದ್ದಾದರೆ 40. ಗದ್ದೆಗೆ ಔಷಧಿ ಹೊಡೆಯುವಂಥ ಸ್ಪ್ರೇಯರ್ ಇದ್ದರೆ ಈ ಅಳತೆಯ ಸಂಪಿಗೆ ಒಂದು ಬಕೆಟ್ ಸಾಕು. ಆದರೆ ಆ ಸ್ಪ್ರೇಯರ್ ಹಿಂದೆ ಕೀಟನಾಶಕ ಕಂಡಿರಬಾರದು. ಕೈಗವಸು, ಕನ್ನಡಕ ಬೇಕು. ಒಳಗಿನ ಮೂಲೆಯಿಂದ ಸಿಂಪಡಿಸುತ್ತಾ ಬಾಯಿಯ ಕಡೆಗೆ ಬಂದು ಹೊರಗೆ ಬರಬೇಕು.

ಬ್ಲೀಚಿಂಗ್ ಪೌಡರನ್ನು ನೇರವಾಗಿ ಸಂಪಿಗೆ ಎರಚುವುದು ಎಲ್ಲ ಕಡೆ ಕಾಣುವ ತಪ್ಪು. ಅದರಲ್ಲಿರುವ ಸುಣ್ಣ ಕರಗುವುದಿಲ್ಲ, ತಳದಲ್ಲಿ ಬಿಳಿ ಗಸಿಯಾಗಿ ಕೂರುತ್ತದೆ. ಮೊದಲು ಸ್ವಲ್ಪ ನೀರಿನಲ್ಲಿ ಕಲಸಿ ಪೇಸ್ಟ್ ಮಾಡಿ, ನೀರು ಬೆರೆಸಿ ಕಲಕಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಇನ್ನೊಂದು: ಹೊಸ ಪೌಡರಿನಲ್ಲಿ 30 ಶೇಕಡಾಕ್ಕಿಂತ ಹೆಚ್ಚು ಕ್ಲೋರಿನ್ ಇರುತ್ತದೆ, ಆದರೆ ಬಿಸಿ ಮತ್ತು ತೇವಕ್ಕೆ ಅದು ಹಾರಿಹೋಗುತ್ತದೆ. ಕಳೆದ ವರ್ಷದಿಂದ ಮೆಟ್ಟಿಲ ಕೆಳಗಿಟ್ಟ, ಬಾಯಿ ಕಟ್ಟಿದ ಪೊಟ್ಟಣದಲ್ಲಿ ಉಳಿದಿರುವುದು ಹೆಚ್ಚಾಗಿ ಸುಣ್ಣವೇ. ಮೂಗಿಗೆ ಖಾರವಾಗಿ ಹೊಡೆಯದ, ಗಂಟುಗಂಟಾದ ಪೌಡರನ್ನು ನಂಬಬೇಡಿ.

ತೊಳೆದ ಮೇಲೆ ಹೊಸ ನೀರು ತುಂಬಿದಾಗ ಹಾಕುವ ಪ್ರಮಾಣ ಬೇರೆ, ಬಹಳ ಕಡಿಮೆ: ಲೀಟರಿಗೆ 2 ಮಿಲಿಗ್ರಾಂ. ಸಾವಿರ ಲೀಟರಿಗೆ 8 ಗ್ರಾಂ ಪೌಡರ್ ಅಥವಾ 5 ಶೇಕಡಾ ಹೈಪೊಕ್ಲೋರೈಟ್ 40 ಮಿಲಿ ಲೀಟರ್. 6800 ಲೀಟರಿಗೆ 54 ಗ್ರಾಂ. ಅರ್ಧ ಗಂಟೆಯಾದ ಮೇಲೆ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ನೋಡಬೇಕು. ಭಾರತೀಯ ಮಾನಕ ಐಎಸ್ 10500 ಪ್ರಕಾರ ಬಳಸುವವರ ಕಡೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಕ್ಲೋರೋಸ್ಕೋಪ್ ಎಂಬ ಚಿಕ್ಕ ಪೆಟ್ಟಿಗೆಯಲ್ಲಿ ನೀರಿಗೆ ಹನಿ ಔಷಧಿ ಬಿಟ್ಟರೆ ಹಳದಿ ಬಣ್ಣ ಬರುತ್ತದೆ, ಅದನ್ನು ಪಕ್ಕದ ಬಣ್ಣಕ್ಕೆ ಹೋಲಿಸಿ ಓದುವುದು. ಕ್ಲೀನಿಂಗ್ ತಂಡದ ಚೀಲದಲ್ಲಿ ಇದು ಇದ್ದರೆ ಅವರಿಗೆ ಕೆಲಸ ಗೊತ್ತು ಎಂದುಕೊಳ್ಳಬಹುದು. ಮಾತ್ರೆ ಹಾಕಿ ಹೋಗುವವರಾದರೆ ಒಂದು ಮಾತ್ರೆ ಎಷ್ಟು ಲೀಟರಿಗೆ ಎಂಬುದನ್ನು ಪೊಟ್ಟಣದಲ್ಲಿ ನೋಡಿ. ಇಪ್ಪತ್ತು ಲೀಟರಿನ ಕ್ಯಾನಿಗೆಂದು ಮಾಡಿದ ಮಾತ್ರೆಯೊಂದನ್ನು ಇಡೀ ಸಂಪಿಗೆ ಹಾಕಿದರೆ ಹಾಕಿದ್ದೂ ಒಂದೇ ಬಿಟ್ಟಿದ್ದೂ ಒಂದೇ.

ಪಟಿಕ ನೀರನ್ನು ತಿಳಿ ಮಾಡುತ್ತದೆ, ಕ್ರಿಮಿ ಕೊಲ್ಲುವ ಕೆಲಸ ಅದರದ್ದಲ್ಲ.

ಯುವಿ ದೀಪದ ಬಗ್ಗೆ ಎರಡೇ ಮಾತು. ಅದರ ಬೆಳಕು ನೇರವಾಗಿ ಬಿದ್ದ ಜಾಗದಲ್ಲಷ್ಟೇ, ಅದೂ ಸಾಕಷ್ಟು ಹೊತ್ತು ಹತ್ತಿರದಿಂದ ಬಿದ್ದರಷ್ಟೇ ಕೆಲಸ ಮಾಡುತ್ತದೆ; ಬಿರುಕಿನೊಳಗೆ, ಪೊರೆಯ ಕೆಳಗೆ, ಪೈಪಿನ ಹಿಂದೆ ಏನೂ ಮಾಡದು, ನಾಳೆ ಬರುವ ನೀರಿಗೂ ಅದರಿಂದ ಲಾಭವಿಲ್ಲ. ಕೋಲಿನ ತುದಿಗೆ ದೀಪ ಕಟ್ಟಿ ಎರಡು ನಿಮಿಷ ಆಡಿಸುವುದಕ್ಕೆ ದರದಲ್ಲಿ ಪಾಲು ಇದ್ದರೆ ಅದನ್ನು ಕಳೆಯಿಸಿ.

ಟಿಡಿಎಸ್ ಮೀಟರಿನ ಆಟ ಇದಕ್ಕಿಂತ ಚೆನ್ನಾಗಿದೆ. ತೊಳೆಯುವ ಮೊದಲು, ತೊಳೆದ ಮೇಲೆ ಅದನ್ನು ನೀರಿಗದ್ದಿ ಸಂಖ್ಯೆ ತೋರಿಸುತ್ತಾರೆ. ಆ ಮೀಟರು ಅಂದಾಜಿಸುವುದು ನೀರಿನಲ್ಲಿ ಕರಗಿದ ಲವಣವನ್ನು. ಹೂಳನ್ನೂ ಅಲ್ಲ, ಬ್ಯಾಕ್ಟೀರಿಯಾವನ್ನೂ ಅಲ್ಲ. ಬೋರ್ ನೀರು ಖಾಲಿ ಮಾಡಿ ಕಾವೇರಿ ನೀರು ತುಂಬಿದರೆ ಯಾರೂ ತೊಳೆಯದಿದ್ದರೂ ಸಂಖ್ಯೆ ಇಳಿಯುತ್ತದೆ. ನಿಜವಾಗಿ ತಿಳಿಯಬೇಕೆಂದರೆ ಎಚ್2ಎಸ್ ಬಾಟಲಿ (ನೀರಿಗೆ ಮಲದ ಬ್ಯಾಕ್ಟೀರಿಯಾ ಸೇರಿದೆಯೇ ಎಂದು ತೋರಿಸುವ ಪರೀಕ್ಷಾ ಬಾಟಲಿ) ತಂದು, ಕ್ಲೀನಿಂಗ್ ಆಗಿ ವಾರ ಕಳೆದ ಮೇಲೆ ಅಡುಗೆಮನೆ ನಲ್ಲಿಯ ನೀರನ್ನು ಗುರುತಿನವರೆಗೆ ತುಂಬಿ ಬೆಚ್ಚಗಿನ ಜಾಗದಲ್ಲಿಡಿ. ಒಂದೆರಡು ದಿನದಲ್ಲಿ ಕಪ್ಪಾದರೆ ಕಕ್ಕಸಿನ ಕೊಳೆ ಎಲ್ಲೋ ಸೇರುತ್ತಿರುವ ಸಂಭವ ಇದೆ. ಆಗ ಬೇಕಾದದ್ದು ಇನ್ನೊಂದು ಕ್ಲೀನಿಂಗ್ ಅಲ್ಲ, ಬಿರುಕು ಹುಡುಕುವ ಕೆಲಸ.

ಮೇಲಿನ ಟ್ಯಾಂಕು, ಅದಕ್ಕಂಟಿದ ಸೋಲಾರ್

ತಾರಸಿಯ ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ನೀರು ಹೊರಹೋಗುವ ಪೈಪು ತಳಕ್ಕಿಂತ ಎರಡು ಮೂರು ಇಂಚು ಮೇಲಿರುತ್ತದೆ. ಹೂಳು ಅದರ ಕೆಳಗೆ ನಿಲ್ಲುವುದು ಒಳ್ಳೆಯದೇ, ಆದರೆ ತೆಗೆಯಲು ದಾರಿಯಿರುವುದಿಲ್ಲ. ತಳಕ್ಕೆ ತಾಗಿದಂತೆ ಒಂದು ಡ್ರೈನ್ ಕನೆಕ್ಷನ್ ಕೊಟ್ಟು ಬಾಲ್ ವಾಲ್ವ್ ಹಾಕಿಸಿದರೆ ತಿಂಗಳಿಗೊಮ್ಮೆ ಒಂದು ಬಕೆಟ್ ನೀರು ಬಿಟ್ಟು ಹೂಳು ಕಳೆಯಬಹುದು, ವರ್ಷದ ಕ್ಲೀನಿಂಗ್ ಅರ್ಧ ಹಗುರ. ಒಳಗೆ ಹಸಿರು ಪಾಚಿ ಕಟ್ಟುತ್ತಿದ್ದರೆ ಬೆಳಕು ಒಳಹೋಗುತ್ತಿದೆ ಎಂದೇ ಅರ್ಥ: ಮುಚ್ಚಳ ಬಿಸಿಲಿಗೆ ಸೀಳಿರುತ್ತದೆ, ಇಲ್ಲವೇ ಒಂದೇ ಪದರದ ಬಿಳಿ ಟ್ಯಾಂಕು. ಒಳಗೆ ಕಪ್ಪು ಪದರವಿರುವ ಬಿಳಿ ಟ್ಯಾಂಕಿನಲ್ಲಿ ಪಾಚಿಯೂ ಕಡಿಮೆ, ಬಿಸಿಯೂ ಕಡಿಮೆ. ಕಪ್ಪು ಟ್ಯಾಂಕಿಗೆ ನೆರಳು ಮಾಡಿ. ನೀರು ಬಿಸಿಯಾದಷ್ಟೂ ಕ್ಲೋರಿನ್ ಬೇಗ ಹಾರುತ್ತದೆ.

ಈಗ ಸೋಲಾರ್. ಗಾಜಿನ ಕೊಳವೆಯ ಹೀಟರ್ ಇದ್ದರೆ ಟ್ಯಾಂಕ್ ಖಾಲಿ ಮಾಡುವ ಮೊದಲು ಅದಕ್ಕೆ ತಣ್ಣೀರು ಹೋಗುವ ಗೇಟ್ ವಾಲ್ವ್ ಮುಚ್ಚಬೇಕು. ಮುಚ್ಚದಿದ್ದರೆ ಕೆಲವು ಜೋಡಣೆಗಳಲ್ಲಿ ಸೋಲಾರಿನ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿದುಹೋಗುತ್ತದೆ. ಖಾಲಿ ಕೊಳವೆ ಮಾರ್ಚ್ ಬಿಸಿಲಿಗೆ 200 ಡಿಗ್ರಿ ದಾಟಿ ಕಾಯುತ್ತದೆ. ಮಧ್ಯಾಹ್ನ ಟ್ಯಾಂಕ್ ತುಂಬಿ ವಾಲ್ವ್ ತೆರೆದರೆ ತಣ್ಣೀರು ತಾಗಿ ಗಾಜು ಪಟಾರನೆ ಒಡೆಯುತ್ತದೆ. ಕೊಳವೆ ಖಾಲಿಯಾಗಿಬಿಟ್ಟಿದ್ದರೆ ಸಂಜೆ ಕಾವು ಇಳಿಯುವವರೆಗೆ, ಇಲ್ಲವೇ ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆವರೆಗೆ ಕಾಯಿರಿ. ಕ್ಲೀನಿಂಗ್ ತಂಡಗಳು ಇದನ್ನು ಕೇಳುವುದು ಅಪರೂಪ. ಒಡೆದ ಕೊಳವೆಗೆ ಹೊಣೆ ಹೊರುವುದಂತೂ ಇನ್ನೂ ಅಪರೂಪ.

ಪಾಂಪ್ಲೆಟ್ಟಿನಲ್ಲಿ ಇಲ್ಲದ್ದು

ಸಂಪು ಖಾಲಿಯಾಗಿರುವ ಆ ಎರಡು ಗಂಟೆ ವರ್ಷದಲ್ಲಿ ಒಮ್ಮೆ ಸಿಗುವ ಅವಕಾಶ. ಟಾರ್ಚ್ ಬಿಟ್ಟು ಗೋಡೆ ನೋಡಿ. ಒಣಗಬೇಕಾದ ಗೋಡೆಯಲ್ಲಿ ಒಂದು ಕಡೆ ಮಾತ್ರ ಒದ್ದೆ ಜಿನುಗುತ್ತಿದ್ದರೆ ಹೊರಗಿನ ನೀರು ಒಳಗೆ ಬರುತ್ತಿದೆ. ಆ ಪಕ್ಕದಲ್ಲೇ ಡ್ರೈನೇಜ್ ಚೇಂಬರ್ ಇದ್ದರೆ, 30x40 ಅಡಿ ಸೈಟುಗಳಲ್ಲಿ ಎರಡೂ ಪೋರ್ಟಿಕೋ ಕೆಳಗೇ ಇರುವುದು ಹೆಚ್ಚು, ಮೊದಲು ಚೇಂಬರ್ ಸರಿಪಡಿಸಿ, ಆಮೇಲೆ ಸಂಪಿಗೆ ವಾಟರ್‌ಪ್ರೂಫಿಂಗ್. ಹೊರಗೆ ಸೋರುವುದನ್ನು ತಿಳಿಯಲು ಸುಲಭದ ಪರೀಕ್ಷೆ ಇದೆ: ತುಂಬಿದ ಮೇಲೆ ರಾತ್ರಿ ಒಳಬರುವ ವಾಲ್ವ್ ಮುಚ್ಚಿ, ಮೋಟರ್ ಆಫ್ ಮಾಡಿ, ಮಟ್ಟದ ಗುರುತು ಹಾಕಿ, ಬೆಳಿಗ್ಗೆ ನೋಡಿ. ಎಂಟಡಿ-ಆರಡಿ ಸಂಪಿನಲ್ಲಿ ಒಂದಿಂಚು ಇಳಿದರೆ 113 ಲೀಟರ್ ಮಣ್ಣಿನ ಪಾಲು.

ಬಾಲ್ ಕಾಕ್ ಬಿಚ್ಚಿ ಚೆಂಡನ್ನು ಅಲ್ಲಾಡಿಸಿ. ಒಳಗೆ ನೀರಿನ ಸದ್ದು ಬಂದರೆ ಸೀಳಿದೆ, ಅದು ತೇಲುವುದಿಲ್ಲ, ಟ್ಯಾಂಕು ತುಂಬಿ ಹರಿಯುತ್ತದೆ. ವಾಷರ್ ಮೇಲೆ ಉಪ್ಪು ಕಟ್ಟಿದ್ದರೆ ಬದಲಿಸಿ. ಮೋಟರ್ ನೀರೆಳೆಯುವ ಪೈಪಿನ ತುದಿಯ ಫುಟ್ ವಾಲ್ವ್ ತಳದಿಂದ ಆರಿಂಚಾದರೂ ಮೇಲಿರಬೇಕು, ಜರಡಿಯ ತೂತುಗಳು ತೆರೆದಿರಬೇಕು. ಓವರ್‌ಫ್ಲೋ ಪೈಪಿನ ಬಾಯಿ ಕೆಳಮುಖವಾಗಿರಲಿ, ಅದಕ್ಕೆ ಸೊಳ್ಳೆ ನುಸುಳದ ಸ್ಟೀಲ್ ಜಾಲರಿ ಕಟ್ಟಿ. ಬಟ್ಟೆ ಕಟ್ಟಿದರೆ ಮುಚ್ಚಿಹೋಗಿ ನೀರು ಮುಚ್ಚಳದಿಂದ ಉಕ್ಕುತ್ತದೆ. ಸಂಪಿನ ಮುಚ್ಚಳದ ಅಂಚು ನೆಲಕ್ಕಿಂತ ಮೂರು ನಾಲ್ಕಿಂಚು ಎತ್ತರವಿದ್ದರೆ ಪೋರ್ಟಿಕೋ ತೊಳೆದ ನೀರು, ಮೊದಲ ಮಳೆಯ ನೀರು ಒಳಗಿಳಿಯುವುದಿಲ್ಲ. ನೆಲಮಟ್ಟದ ಮುಚ್ಚಳವೇ ಆಗಬೇಕೆಂದರೆ ಸುತ್ತ ರಬ್ಬರ್ ಗ್ಯಾಸ್ಕೆಟ್ ಬೇಕು.

ತಂಡ ಹೋದ ಮೇಲೆ ಬರುವ ದೂರುಗಳು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಮೋಟರ್ ಓಡುತ್ತದೆ, ನೀರು ಬರುವುದಿಲ್ಲ: ಪೈಪು ಒಣಗಿ ಪ್ರೈಮಿಂಗ್ (ಪಂಪಿನಲ್ಲಿ ತುಂಬಿರಬೇಕಾದ ನೀರು) ಹೋಗಿದೆ. ಮೋಟರ್ ಆಫ್ ಮಾಡಿ, ಪಂಪಿನ ಮೇಲಿನ ಪ್ಲಗ್ ಬಿಚ್ಚಿ, ಉಕ್ಕುವವರೆಗೆ ನೀರು ಸುರಿದು, ಪ್ಲಗ್ ಬಿಗಿದು ಮೋಟರ್ ಹಾಕಿ. ಬರುತ್ತದೆಂದು ಕಾದು ಒಣ ಓಡಿಸಿದರೆ ಮೋಟರಿನ ಸೀಲ್ ಸುಟ್ಟುಹೋಗುತ್ತದೆ. ನಲ್ಲಿಯಲ್ಲಿ ಬುಸ್ ಎಂದು ಗಾಳಿ: ಕೆಳಗಿನ ಮಹಡಿಯಿಂದ ಶುರು ಮಾಡಿ ಒಂದೊಂದೇ ನಲ್ಲಿ ಪೂರ್ತಿ ತೆರೆದಿಡಿ. ನೀರು ಸಣ್ಣಗೆ ಬಂದರೆ ನಲ್ಲಿ ತುದಿಯ ಜಾಲರಿ, ವಾಷಿಂಗ್ ಮೆಷಿನ್ ಪೈಪಿನ ಜಾಲರಿ, ಶವರ್ ಇವನ್ನು ಬಿಚ್ಚಿ ತೊಳೆಯಿರಿ. ಕದಡಿದ ಹೂಳು ಅಲ್ಲಿ ಹೋಗಿ ಕೂತಿರುತ್ತದೆ. ಆರ್‌ಒ ಯಂತ್ರದ ನಲ್ಲಿಯನ್ನು ಕ್ಲೀನಿಂಗ್ ದಿನ ಮುಚ್ಚಿಟ್ಟು, ಪೈಪುಗಳಲ್ಲಿ ಹೊಸ ನೀರು ಹರಿದ ಮೇಲೆ ತೆರೆಯಿರಿ, ಹೆಚ್ಚು ಕ್ಲೋರಿನ್ ಅದರ ಮೆಂಬ್ರೇನನ್ನು ಕೆಡಿಸುತ್ತದೆ.

ಅಂಕ ಕೊಡುವುದಾದರೆ: ಬ್ಲೋವರ್, ಹಗ್ಗ, ವ್ಯಾಕ್ಯೂಮ್, ಕ್ಲೋರೋಸ್ಕೋಪ್ ನಾಲ್ಕೂ ತರುವ ಯಂತ್ರದ ತಂಡಕ್ಕೆ ಐದಕ್ಕೆ ನಾಲ್ಕು. ಜೆಟ್ಟು, ಯುವಿ, ಟಿಡಿಎಸ್ ಮೀಟರು ತಂದು ಆ ನಾಲ್ಕನ್ನು ಮರೆತು ಬರುವವರಿಗೆ ಒಂದೂವರೆ. ಎಂಟು ಸಾವಿರ ಲೀಟರಿನ ಸಂಪಿಗೆ ಇಬ್ಬರು ನೆಟ್ಟಗೆ ಕೆಲಸ ಮಾಡಿದರೆ ಗಾಳಿಯಾಡಿಸುವ ಅರ್ಧ ಗಂಟೆ, ಕ್ಲೋರಿನ್ ಬಿಡುವ ಅರ್ಧ ಗಂಟೆ ಸೇರಿ ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಮುಕ್ಕಾಲು ಗಂಟೆಯಲ್ಲಿ ಮುಗಿಸಿ ರೇಟಿಂಗ್ ಕೇಳುವವರು ಇವೆರಡನ್ನೂ ಬಿಟ್ಟಿದ್ದಾರೆ. ಸಾವಿರ ಲೀಟರಿನ ಒಂದೇ ಪ್ಲಾಸ್ಟಿಕ್ ಟ್ಯಾಂಕಿಗೆ ಪ್ಯಾಕೇಜ್ ಬೇಕಿಲ್ಲ. ಬೀದಿಯ ಪ್ಲಂಬರ್ ಉದ್ದ ಹಿಡಿಯ ಬ್ರಷ್, ಬಕೆಟ್, 5 ಶೇಕಡಾ ಹೈಪೊಕ್ಲೋರೈಟ್‌ನ ಒಂದು ಬಾಟಲಿ ಹಿಡಿದು ಬಂದರೆ ಸಾಕು, ಬಾಲ್ ಕಾಕ್ ಅವನೇ ಬದಲಿಸುತ್ತಾನೆ. ಟ್ಯಾಂಕರ್ ನೀರು ಹಾಕಿಸುವ ಮನೆಗಳು ಮೂರು ತಿಂಗಳಿಗೊಮ್ಮೆ ಮುಚ್ಚಳ ತೆಗೆದು ತಳ ನೋಡಲಿ. ಉಳಿದವರಿಗೆ ಬೇಸಿಗೆಗೆ ಮೊದಲೊಮ್ಮೆ, ಮಳೆ ಕಳೆದ ಮೇಲೆ ನವೆಂಬರಿನಲ್ಲಿ ಇನ್ನೊಮ್ಮೆ ಸಾಕು.